ತಣಿಪಟ್ಟಿ ಕಟ್ಟಿದ ಬೇಸಿಗೆ

ಆ ವರ್ಷ ಕಲಬುರಗಿಯ ನಾಯಿಗಳು ನಡುಮಧ್ಯಾಹ್ನ ಬೀದಿಗೆ ಬಂದವು.

ಬಹಳ ಕಾಲದಿಂದ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಬೇಸಿಗೆಯ ಉಷ್ಣತೆ ಐವತ್ತರ ಆಸುಪಾಸು ಸುಳಿಯತೊಡಗಿದ ಮೇಲೆ, ಮಾರ್ಚ್ ಬಂತೆಂದರೆ ಸಾಕುಪ್ರಾಣಿಗಳಿಗೆ ಸೆರೆವಾಸ. ಬೆಳಕು ಹರಿಯುವ ಮೊದಲೊಮ್ಮೆ, ಕತ್ತಲಾದ ಮೇಲೊಮ್ಮೆ ಹೊರಗೆ ಒಯ್ಯುವುದು, ಉಳಿದ ಹೊತ್ತೆಲ್ಲ ಬಚ್ಚಲುಮನೆಯ ತಣ್ಣನೆ ಕಲ್ಲಿನ ಮೇಲೆ ಮಲಗಿಸುವುದು. ಡಾಂಬರಿನ ಮೇಲೆ ಕಾಲಿಟ್ಟರೆ ಪಾದ ಬೊಬ್ಬೆ ಏಳುತ್ತಿತ್ತು. ಕರೆಂಟು ಹೋದ ದಿನ ಮುಚ್ಚಿದ ಕೋಣೆಯಲ್ಲೇ ಎಷ್ಟೋ ನಾಯಿಗಳು ಸತ್ತಿದ್ದವು.

ತಣಿಪಟ್ಟಿ ಬಂದು ಇದನ್ನೆಲ್ಲ ಬದಲಿಸಿತು. ಎರಡು ಬೆರಳಗಲದ ಕೊರಳಪಟ್ಟಿ ಅದು. ಹೊರಮೈಯಲ್ಲಿ ಬಿಸಿಲಿನಿಂದ ವಿದ್ಯುತ್ತು ಹೀರಿ ಕೂಡಿಡುವ ಹಾಳೆ, ಒಳಮೈಯಲ್ಲಿ ಸಣ್ಣ ಸಣ್ಣ ಬಿಲ್ಲೆಗಳು. ವಿದ್ಯುತ್ತು ಹರಿದಾಗ ಬಿಲ್ಲೆಯ ಒಂದು ಮಗ್ಗುಲು ಬಿಸಿಯಾಗುತ್ತದೆ, ಇನ್ನೊಂದು ತಣ್ಣಗಾಗುತ್ತದೆ. ಆ ತಣ್ಣನೆಯ ಮಗ್ಗುಲು ನಾಯಿಯ ಕತ್ತಿಗೆ ತಾಗಿರುತ್ತದೆ. ಬಿಸಿಲು ಹೆಚ್ಚಾದಷ್ಟೂ ತಂಪು ಹೆಚ್ಚು. ಜೊತೆಗೆ ಅದು ನಾಯಿಯ ಉಸಿರನ್ನು ಎಣಿಸಿ, ಪಟ್ಟಿ ಹಂಚಿದ ನಗರದ ಉಷ್ಣರಕ್ಷಣಾ ಕೇಂದ್ರಕ್ಕೆ ತಿಳಿಸುತ್ತಿತ್ತು. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರು ಬರುವುದಿಲ್ಲ, ತೇಕಿಯೇ ಅದು ಒಳಗಿನ ಶಾಖವನ್ನು ಹೊರಹಾಕಬೇಕು. ತೇಕು ಹೆಚ್ಚಿದರೆ ಕೇಂದ್ರದ ದೊಡ್ಡ ಪರದೆಯ ಮೇಲೆ ಆ ನಾಯಿಯ ಚುಕ್ಕೆ ಹಳದಿಯಾಗುತ್ತಿತ್ತು, ಇನ್ನೂ ಹೆಚ್ಚಿದರೆ ಕೆಂಪು. ಉಸಿರು ಶಾಂತವಾಗಿದ್ದರೆ ಹಸಿರು.

ಆ ಪರದೆಯ ಮುಂದೆ ಕೂರುವವರಲ್ಲಿ ಇಂದುಮತಿ ಹೊನಗುಂಟಿ ಒಬ್ಬಳು. ಪಶುವೈದ್ಯೆ. ಹಿಂದಿನ ಬೇಸಿಗೆಗಳಲ್ಲಿ ಮನೆ ಮನೆಗೆ ಹೋಗಿ, ಸತ್ತ ನಾಯಿಯ ಪಕ್ಕ ಕುಳಿತ ಮಕ್ಕಳಿಗೆ ಏನು ಹೇಳಬೇಕೆಂದು ತಿಳಿಯದೆ ನಿಂತವಳು. ಈಗ ನಗರದ ನಕ್ಷೆಯ ತುಂಬ ಹಸಿರು ಚುಕ್ಕೆಗಳು ಓಡಾಡುವುದನ್ನು ನೋಡಿದರೆ ಅವಳ ಎದೆ ಹಗುರಾಗುತ್ತಿತ್ತು.

ಅವುಗಳಲ್ಲಿ ಒಂದು ಚುಕ್ಕೆ ಅವಳ ಮನೆಯದೇ. ಮನೆಯಲ್ಲಿದ್ದವರು ಇಬ್ಬರು: ಅವಳು, ಅವಳನ್ನು ಸಾಕಿ ಬೆಳೆಸಿದ ಚಂದಪ್ಪ ಕಾಕಾ. ಕಾಕಾ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ನಿವೃತ್ತಿಯ ದಿನ ಗೆಳೆಯರು ಕೊಟ್ಟ ಪಗ್ ಮರಿಗೆ ಜಾಮೂನು ಎಂದು ಹೆಸರಿಟ್ಟು, ಅದನ್ನೇ ಜೀವ ಮಾಡಿಕೊಂಡಿದ್ದರು. ಪಟ್ಟಿ ಬಂದ ಮೇಲೆ ಕಾಕಾ, ಜಾಮೂನು ಇಬ್ಬರೂ ಮುಂಜಾನೆ ತಿಂಡಿ ಮುಗಿಸಿ ಸ್ಟೇಷನ್ನಿನವರೆಗೆ ಹೋಗಿ ಬರುತ್ತಿದ್ದರು.

"ಇಂದೂ, ಇಂವ ಮತ್ತ ಮರಿ ಆಗ್ಯಾನ ನೋಡು. ನಾ ಒಯ್ಯಲತ್ತಿಲ್ಲ, ಇಂವನೇ ನನಗ ಎಳಕೊಂಡ ಹೊಂಟಾನ."

"ಕಾಕಾ, ಜಾಮೂನಂದು ಮೊಂಡ ಮೂಗು. ಮೊದಲೇ ಉಸಿರಾಡೋದು ಕಷ್ಟ ಅವನಿಗಿ. ಭಾಳ ದೂರ ಒಯ್ಯಬ್ಯಾಡ್ರಿ."

"ನಿಮ್ಮ ಪಟ್ಟಿನೇ ಹಸರ ತೋರಸ್ಲತ್ತದ. ನಿಮ್ಮದರ ಮ್ಯಾಲ ನಿನಗೇ ನಂಬಿಗಿ ಇಲ್ಲೇನು?"

ಇಂದುಮತಿ ನಕ್ಕುಬಿಡುತ್ತಿದ್ದಳು. ಕಾಕಾನ ಮುಖದಲ್ಲಿ ಅಂಥ ಕಳೆ ಕಂಡು ಎಷ್ಟೋ ದಿನವಾಗಿತ್ತು.

ಏಪ್ರಿಲ್ ಕೊನೆಗೆ ನಾಯಿಗಳು ಸಾಯತೊಡಗಿದವು. ಮೊದಲು ಅಲ್ಲೊಂದು ಇಲ್ಲೊಂದು. ಮೈ ಕೊಯ್ದು ನೋಡಿದರೆ ಒಳಗೆ ಕರುಳು, ಮೂತ್ರಪಿಂಡ ಎಲ್ಲ ಬೆಂದಂತಾಗಿದ್ದವು. ಬಿಸಿಲಿನ ಹೊಡೆತವೆನ್ನುವುದರಲ್ಲಿ ಅನುಮಾನವಿರಲಿಲ್ಲ. ಆದರೆ ಕೇಂದ್ರದ ದಾಖಲೆಯಲ್ಲಿ ಅವುಗಳ ಚುಕ್ಕೆ ಕೊನೆಯ ಗಳಿಗೆಯವರೆಗೂ ಹಸಿರಾಗಿತ್ತು. ಹಾಗಾದರೆ ಪಟ್ಟಿಯನ್ನು ಸಡಿಲ ಕಟ್ಟಿರಬೇಕು, ಇಲ್ಲವೇ ಬಿಚ್ಚಿಟ್ಟು ಆಮೇಲೆ ಕಟ್ಟಿರಬೇಕು ಎಂದು ಕೇಂದ್ರ ತೀರ್ಮಾನಿಸಿತು. ತಪ್ಪು ಸಾಕಿದವರದು. ಅಂಥವರು ಐದು ವರ್ಷ ಯಾವ ಪ್ರಾಣಿಯನ್ನೂ ಸಾಕುವಂತಿಲ್ಲ ಎಂದಿತು. ಊರಿನ ಚೌಕಗಳಲ್ಲಿ ನಿಲ್ಲಿಸಿದ ದೊಡ್ಡ ಪರದೆಗಳಲ್ಲಿ ಅವರ ಮುಖಗಳನ್ನೂ ತೋರಿಸತೊಡಗಿತು.

ಹಾಗೆ ಪರದೆಗೆ ಬಿದ್ದ ಮುಖಗಳಲ್ಲಿ ಪದ್ಮಿನಿ ಮೇತ್ರೆಯದೂ ಒಂದು. ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಗಾಡಿಯ ಮೇಲೆ ಒಯ್ದು ಕೊಡುವವಳು. ಅವಳ ನಾಯಿಗೆ ದೌಲತ್ ಎಂಬ ದೊಡ್ಡ ಹೆಸರು. ಜಾತಿ ಮಾತ್ರ ಊರ ನಾಯಿ. ಗಾಡಿಯ ಪಕ್ಕದಲ್ಲೇ ಓಡುತ್ತ ಊರೆಲ್ಲ ಸುತ್ತುವುದು ಅದರ ಕೆಲಸ. ಒಂದು ಮಧ್ಯಾಹ್ನ ಖಾನಾವಳಿಯ ಬಾಗಿಲಲ್ಲಿ ಅದು ಕುಸಿದು ಬಿದ್ದಿತ್ತು.

ಅವಳು ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೇಂದ್ರಕ್ಕೆ ಬಂದಳು. ಒಳಗೆ ಬಿಡಲಿಲ್ಲ. ಬಿಳಿ ಕೋಟಿನಲ್ಲೇ ಊಟಕ್ಕೆಂದು ಹೊರಬಂದ ಇಂದುಮತಿಗೆ ಅವಳು ಕಾವಲುಗಾರನ ಜೊತೆ ವಾದಿಸುವುದು ಕೇಳಿಸಿತು.

"ಪಟ್ಟಿ ಬಿಚ್ಚಿದ್ದೆ ಅಂತ ಹೇಳ್ಯಾರ. ಆಣಿ ಮಾಡ್ತೀನಿ, ಬಿಚ್ಚಿದ್ದಿಲ್ರಿ."

"ಬೀಳೋಕಿಂತ ಮೊದಲ ಹೆಂಗಿತ್ತು ಅಕ್ಕ?" ಎಂದು ಇಂದುಮತಿ ಕೇಳಿದಳು.

"ಓಡ್ಲತ್ತಿತ್ರಿ. ಬಾಲ ಅಲ್ಲಾಡಸ್ಕೋತ. ತೇಕಲಿಲ್ಲ, ನಾಲಗಿ ಹೊರಗ ಹಾಕಿದ್ದಿಲ್ಲ. ನಾ ನಿಂತ್ರೂ ಅದೇ ಮುಂದ ಮುಂದ ಹೋಗ್ಲತ್ತಿತ್ತು. ಜೀವ ಹೋಗೋ ನಾಯಿ ಹಂಗ ಮಾಡತದೇನ್ರಿ? ನೀವ್ ಡಾಕ್ಟರ್ ಇದ್ದೀರಿ, ನೀವೇ ಹೇಳ್ರಿ."

ಈ ಹೆಣ್ಣುಮಗಳು ಸುಳ್ಳು ಹೇಳುತ್ತಿಲ್ಲ ಎಂದು ಇಂದುಮತಿಗೆ ಅನ್ನಿಸಿತು. ಸುಳ್ಳು ಹೇಳುವವರು ಇಷ್ಟು ಅನುಮಾನ ಹುಟ್ಟಿಸುವ ಮಾತನ್ನು ತಾವಾಗಿ ಹೇಳಿಕೊಳ್ಳುವುದಿಲ್ಲ. ಆ ಸುಡುಬಿಸಿಲಲ್ಲಿ ಓಡಿದ ನಾಯಿ ತೇಕಲಿಲ್ಲವೆಂದರೆ ಯಾರು ನಂಬುತ್ತಾರೆ?

ಮನೆಗೆ ಬಂದಾಗ ಕಾಕಾ ಆಗಷ್ಟೇ ಜಾಮೂನನ್ನು ಕರೆದುಕೊಂಡು ಒಳಗೆ ಬಂದಿದ್ದರು. ಸಂಜೆಯಾಗಿದ್ದರೂ ಗೋಡೆಗಳು ಕಾಯುತ್ತಿದ್ದವು. ಕಾಕಾ ಟವೆಲನ್ನು ನೀರಲ್ಲಿ ಅದ್ದಿ ಕೊರಳಿಗೆ ಸುತ್ತಿಕೊಂಡು ಕುರ್ಚಿಯಲ್ಲಿ ಕುಳಿತರು.

"ಹಾಯ್! ಇದೊಂದು ಕೊರಳಾಗಿದ್ರ ನೋಡು, ಇಲ್ಲಿಂದ ಶಹಾಬಾದ ಮಟ ನಡೀತೀನಿ."

"ಕೊರಳಷ್ಟೇ ತಂಪಾದ್ರ ಮೈಯೆಲ್ಲ ತಂಪಾಗ್ತದೇನ್ ಕಾಕಾ?"

"ಮೈ ಯಾಂವ ನೋಡ್ಯಾನ? ಮನಸಿಗಿ ತಂಪಾದ್ರ ಆತು."

ಇಂದುಮತಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಜಾಮೂನು ಬಾಯಿ ಮುಚ್ಚಿಕೊಂಡು ಆರಾಮವಾಗಿ ನೆಲದ ಮೇಲೆ ಕಾಲು ಚಾಚಿ ಮಲಗಿತ್ತು. ಅವಳು ಬಗ್ಗಿ ಅದರ ತೊಡೆಸಂದಿಗೆ ಕೈಯಿಟ್ಟಳು. ಈಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯನ್ನು ಬಟ್ಟೆಯ ಮೇಲಿಂದ ಮುಟ್ಟಿದ ಹಾಗಿತ್ತು.

"ನಾಳಿಂದ ಹೊರಗ ಒಯ್ಯಬ್ಯಾಡ್ರಿ."

"ಯಾಕ?"

"ಗೊತ್ತಿಲ್ಲ. ಗೊತ್ತಾದ ಮ್ಯಾಲ ಹೇಳ್ತೀನಿ."

ಕಾಕಾ ಮುಖ ಸಣ್ಣಗೆ ಮಾಡಿಕೊಂಡರು.

ಪಟ್ಟಿಯನ್ನು ಪರೀಕ್ಷಿಸಿದ್ದ ಕಾಲದ ವಿವರಗಳನ್ನು ಇಂದುಮತಿ ಮರುದಿನ ತೆಗೆದು ನೋಡಿದಳು. ಬಿಸಿಗೋಣೆಯಲ್ಲಿ ನಾಯಿಗಳನ್ನು ಕೂರಿಸಿದ್ದರು, ನಿಲ್ಲಿಸಿದ್ದರು. ಸುಮ್ಮನೆ ಕೂತ ನಾಯಿಗೆ ಆ ತಂಪು ನಿಜಕ್ಕೂ ಸಾಕಾಗಿತ್ತು. ಒಂದು ನಾಯಿಯನ್ನೂ ಯಾರೂ ಓಡಿಸಿರಲಿಲ್ಲ. ಚರ್ಮದ ಉಷ್ಣತೆ ಅಳೆದಿದ್ದರು, ಉಸಿರು ಎಣಿಸಿದ್ದರು. ಒಳಮೈಯ ಶಾಖವನ್ನು ಅಳೆದಿರಲಿಲ್ಲ.

ಇನ್ನೊಂದು ನಾಯಿಯನ್ನು ಆ ಕೋಣೆಯಲ್ಲಿ ಓಡಿಸಿ ನೋಡಲು ಅವಳಿಗೆ ಮನಸ್ಸು ಬರಲಿಲ್ಲ. ಉಷ್ಣತೆ ಅಳೆಯುವ ಗುಳಿಗೆಯೊಂದು ಕೇಂದ್ರದಲ್ಲಿತ್ತು. ನುಂಗಿದರೆ ಹೊಟ್ಟೆಯೊಳಗಿಂದಲೇ ಶಾಖದ ಅಂಕಿಯನ್ನು ಕಳಿಸುತ್ತದೆ. ಅದನ್ನು ನುಂಗಿ, ದೊಡ್ಡ ಪಟ್ಟಿಯೊಂದನ್ನು ತನ್ನ ಕೊರಳಿಗೇ ಕಟ್ಟಿಕೊಂಡು, ಬಿಸಿಗೋಣೆಯ ಓಡುವ ಯಂತ್ರದ ಮೇಲೆ ನಿಂತಳು. ಹೊರಗಿನ ಗಾಜಿನಾಚೆ ನರ್ಸ್ ಒಬ್ಬಳನ್ನು ಕೂರಿಸಿದ್ದಳು.

ಮೊದಲ ಕೆಲವು ನಿಮಿಷ ಉಸಿರು ಕಟ್ಟಿದಂತಾಯಿತು. ಆಮೇಲೆ ಬಿಲ್ಲೆಗಳು ಕೆಲಸ ಶುರುಮಾಡಿದವು. ಬಾವಿಯ ನೀರನ್ನು ಯಾರೋ ಕತ್ತಿನ ಮೇಲೆ ಮೆಲ್ಲಗೆ ಸುರಿದ ಹಾಗೆ. ಕಾಲು ಹಗುರಾಯಿತು, ಮನಸ್ಸು ತಿಳಿಯಾಯಿತು. ಸೆಕೆ ಎಲ್ಲಿ ಹೋಯಿತೋ! ಇನ್ನೂ ಜೋರಾಗಿ ಓಡಬೇಕೆನ್ನಿಸಿತು. ಇಂಥ ವಸ್ತುವಿನ ಮೇಲೆ ಅನುಮಾನ ಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು.

ಧ್ವನಿವರ್ಧಕದಲ್ಲಿ ಗಂಡು ದನಿ ಕೇಳಿಸಿತು. ಕೇಂದ್ರದ ನಿರ್ದೇಶಕರಾದ ಡಾ. ವಾಮನರಾವ್ ಜಾಗೀರದಾರ. ತಣಿಪಟ್ಟಿಯನ್ನು ರೂಪಿಸಿದವರೂ ಅವರೇ. ನರ್ಸ್ ಹೆದರಿ ಕರೆಸಿದ್ದಳು.

"ಇಂದುಮತಿ, ಕೆಳಗ ಇಳೀರಿ."

"ಆರಾಮ ಇದ್ದೀನಿ ಸರ್. ಇನ್ನೂ ಅರ್ಧ ತಾಸು ಓಡ್ತೀನಿ."

"ಇಳೀರಿ ಅಂದೆ!"

ಅವಳಿಗೆ ಸಿಟ್ಟು ಬಂತು. ಇಷ್ಟು ಚೆನ್ನಾಗಿ ಓಡುವಾಗ ಇವರ್ಯಾಕೆ ಅಡ್ಡ ಬರುತ್ತಾರೆ? ಯಂತ್ರ ತಾನಾಗಿ ನಿಂತಿತು. ಬಾಗಿಲು ತೆರೆದು ಇಬ್ಬರು ಅವಳನ್ನು ಹಿಡಿದುಕೊಂಡರು. ಪಟ್ಟಿ ಬಿಚ್ಚಿದ್ದೇ ತಡ, ಒಲೆಯೊಳಗೆ ತಲೆ ಹಾಕಿದಂತಾಗಿ ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ನೆಲದ ಮೇಲೆ ಮಲಗಿದ್ದಳು. ಮೈಮೇಲೆ ನೀರು ಸುರಿಯುತ್ತಿದ್ದರು. ಜಾಗೀರದಾರರು ಪಕ್ಕದಲ್ಲಿ ಮಂಡಿಯೂರಿ ಕುಳಿತಿದ್ದರು.

"ಎಷ್ಟಿತ್ತು ಸರ್?"

"ನಾಲ್ವತ್ತು ಮುಟ್ಟಿತ್ತು." ಬಿಚ್ಚಿದ ಪಟ್ಟಿಯನ್ನು ಕೆಳಗಿಟ್ಟು ಮತ್ತೆ ಅಂದರು, "ನೀವು ನಗ್ತಿದ್ರಿ, ಇಂದುಮತಿ. ಗಾಜಿನಾಚೆ ನಿಂತು ನೋಡಿದೆ ನಾನು."

ಇಬ್ಬರಿಗೂ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಕತ್ತಿನ ಚರ್ಮದಲ್ಲಿರುವ ನರಗಳು ತಂಪೆಂದು ಹೇಳಿದರೆ ಮಿದುಳು ನಂಬುತ್ತದೆ. ತೇಕು ಎನ್ನುವುದಿಲ್ಲ, ನಿಲ್ಲು ಎನ್ನುವುದಿಲ್ಲ, ನೆರಳಿಗೆ ಹೋಗು ಎನ್ನುವುದಿಲ್ಲ. ಓಡುವ ಸ್ನಾಯುಗಳು ಹುಟ್ಟಿಸಿದ ಶಾಖ ಒಳಗೊಳಗೇ ಏರುತ್ತದೆ. ಬಿಸಿಲಲ್ಲಿ ಓಡಿದ ನಾಯಿ ಹಸಿರು ತೋರಿಸಿದರೆ ಅದೇ ಅಪಾಯದ ಗುರುತು.

ಜಾಗೀರದಾರರು ಕೆಟ್ಟ ಮನುಷ್ಯರಲ್ಲ. ಮುಚ್ಚಿದ ಕೋಣೆಯಲ್ಲಿ ಸತ್ತ ಪ್ರಾಣಿಗಳನ್ನು ಕಂಡೇ ಈ ಪಟ್ಟಿಗೆ ಕೈಹಾಕಿದ್ದರು.

"ಒಮ್ಮೆಲೇ ಪಟ್ಟಿ ಬಂದ್ ಮಾಡಿದ್ರ ಮನಿಯೊಳಗ ಇದ್ದ ಪ್ರಾಣಿಗಳ ಗತಿ ಏನು? ಕರೆಂಟ್ ಹೋದಾಗ ಇದೇ ಪಟ್ಟಿ ಉಳಸ್ಯದ ಅವನ್ನ. ಮ್ಯಾಲಿನವರಿಗೆ ತಿಳಿಸೋಣ. ಬೇಸಿಗಿ ಮುಗೀಲಿ, ಹೊಸ ಪಟ್ಟಿ ಮಾಡೋಣ."

"ನಾಳಿಗಿ ಐವತ್ತೆರಡು ಅಂತ ಹವಾಮಾನದವರು ಹೇಳ್ಯಾರ ಸರ್. ಎಷ್ಟು ಮಂದಿ ಹೊರಗ ಒಯ್ತಾರೋ ಏನೋ. ಮನಿಯೊಳಗಿನವು ಹಂಗೇ ಇರಲಿ. ಬಿಸಲಾಗ ಓಡಾಡೋ ಪಟ್ಟಿಗಳನ್ನಷ್ಟೇ ಇಲ್ಲಿಂದನೇ ಬಂದ್ ಮಾಡೋಣ. ಬೆಳಕು ತಾಗಿದ್ದು, ನಡಿಗಿ, ಎರಡೂ ಪಟ್ಟಿಗೇ ಗೊತ್ತಾಗ್ತದ."

"ಒಮ್ಮೆಲೇ ಅಷ್ಟೂ ನಾಯಿಗಳಿಗೆ ಸಂಕಟ ಆಗ್ತದ."

"ಆಗಲಿ ಸರ್. ಸಂಕಟ ಆದ್ರೇ ನೆರಳಿಗಿ ಬರ್ತಾವ."

ಅವರು ಎದ್ದು ಮೇಲಿನವರಿಗೆ ಪತ್ರ ಬರೆಯಲು ಹೋದರು. ಮರುದಿನ ಬೆಳಗ್ಗೆ ಇಂದುಮತಿ ನಿಯಂತ್ರಣ ಕೋಣೆಗೆ ಬರುವಷ್ಟರಲ್ಲಿ ಅವರು ಪರದೆಯ ಮುಂದೆ ಕುಳಿತಿದ್ದರು. ಮೇಲಿನವರಿಂದ ಉತ್ತರ ಬಂದಿರಲಿಲ್ಲ.

ಬಿಸಿಲು ಏರಿತು. ಹೊರಗೆ ಓಡಾಡುವ ಹಸಿರು ಚುಕ್ಕೆಗಳು ಹೆಚ್ಚುತ್ತ ಹೋದವು. ರಜೆಯ ದಿನ. ಶರಣರ ಕೆರೆಯ ದಂಡೆಯಲ್ಲಿ ಮಕ್ಕಳು, ನಾಯಿಗಳು ಗುಂಪುಗೂಡಿದ್ದರು. ಅಷ್ಟರಲ್ಲಿ ಇಂದುಮತಿಯ ಕಣ್ಣಿಗೆ ಸ್ಟೇಷನ್ ರಸ್ತೆಯ ಒಂದು ಚುಕ್ಕೆ ಬಿತ್ತು. ಜಾಮೂನು.

ಫೋನ್ ಮಾಡಿದಳು. ಕಾಕಾ ಎತ್ತಲಿಲ್ಲ. ಮತ್ತೆ ಮಾಡಿದಳು. ರಸ್ತೆಯಲ್ಲಿದ್ದಾಗ ಅವರಿಗೆ ಫೋನಿನ ಸದ್ದು ಕೇಳಿಸುತ್ತಲೇ ಇರಲಿಲ್ಲ. ಚುಕ್ಕೆ ಮುಂದೆ ಮುಂದೆ ಹೋಗುತ್ತಿತ್ತು. ಹಸಿರು, ಅಚ್ಚ ಹಸಿರು. ಎದ್ದು ಓಡಿಹೋಗಬೇಕೆನ್ನಿಸಿತು, ಹೋಗಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ ಎಂದೂ ಗೊತ್ತಿತ್ತು.

"ಸರ್..." ಎಂದಳು. ಆ ಚುಕ್ಕೆಯ ಕಡೆ ಬೆರಳು ತೋರಿಸಿದಳು.

ಜಾಗೀರದಾರರು ಅವಳ ಬೆರಳು ತೋರಿದ ಕಡೆ ನೋಡಿದರು. ತಮ್ಮ ಹೆಸರಿನ ಗುಪ್ತಪದ ಒತ್ತಿ ಯಂತ್ರವನ್ನು ತೆರೆದರು. "ಮನಿಗಳಿಗೆ ಸಂದೇಶ ಮೊದಲು ಹೋಗಲಿ. ನೆರಳಿಗೆ ಕರೀರಿ, ಹೊಟ್ಟಿಗೆ ನೀರು ಹಾಕ್ರಿ, ಗಾಳಿ ಬೀಸ್ರಿ." ಸಂದೇಶ ಹೋಯಿತು. ಅದರ ಬೆನ್ನಿಗೇ ಬಿಸಿಲಲ್ಲಿದ್ದ ಅಷ್ಟೂ ಪಟ್ಟಿಗಳ ತಂಪು ನಿಂತಿತು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಊರಿನ ಆ ಮೂಲೆಯಿಂದ ಒಂದು ಊಳು ಕೇಳಿಸಿತು. ಅದಕ್ಕೆ ಇನ್ನೊಂದು, ಮತ್ತೊಂದು. ಕಿಟಕಿ ಮುಚ್ಚಿದ್ದರೂ ನಗರದ ನಾಯಿಗಳೆಲ್ಲ ಅಳುತ್ತಿರುವುದು ಒಳಗೆ ಕೇಳುತ್ತಿತ್ತು. ಪರದೆಯ ಮೇಲೆ ಓಡುತ್ತಿದ್ದ ಚುಕ್ಕೆಗಳು ನಿಂತವು. ಒಂದೊಂದಾಗಿ ಹಳದಿಯಾದವು. ಸ್ಟೇಷನ್ ರಸ್ತೆಯ ಚುಕ್ಕೆ ನಿಂತಲ್ಲೇ ನಿಂತು ಇನ್ನೂ ಹಸಿರಾಗೇ ಇತ್ತು. "ತೇಕೋ, ನನ್ನಪ್ಪಾ, ತೇಕು," ಎಂದು ಇಂದುಮತಿ ಬಾಯಲ್ಲೇ ಅಂದುಕೊಳ್ಳುತ್ತಿದ್ದಳು. ಚುಕ್ಕೆ ಹಳದಿಯಾಯಿತು. ಕೆಂಪಾಯಿತು. ಅವಳಿಗೆ ಹೋದ ಜೀವ ಬಂದ ಹಾಗಾಯಿತು.

ಫೋನ್ ಬಂತು. ಕಾಕಾ.

"ಇಂದೂ, ಇಂವ ನಡೂ ರಸ್ತೆದಾಗ ಕುಂತುಬಿಟ್ಟಾನವಾ. ಎತಕೊಂಡು ಕಬ್ಬಿನ ಹಾಲಿನ ಅಂಗಡಿಗಿ ಬಂದೀನಿ. ಭಾಳ ತೇಕಲತ್ತಾನ. ಕಣ್ಣ ಮ್ಯಾಲ ಮಾಡ್ಯಾನ. ಇಲ್ಲಿ ಬರ್ಫ್ ಅದ, ಮೈಮ್ಯಾಲ ಹಾಕ್ಲೇನು?"

"ಬರ್ಫ್ ಬ್ಯಾಡ್ರಿ ಕಾಕಾ! ಮ್ಯಾಲಿನ ರಕ್ತನಾಳ ಮುಚ್ಚಿಕೊಂಡ್ರ ಒಳಗಿನ ಬಿಸಿ ಒಳಗೇ ಉಳೀತದ. ನಳದ ನೀರು ತೊಗೋರಿ. ಹೊಟ್ಟಿಗಿ, ತೊಡಿಸಂದಿಗಿ, ಪಾದಕ್ಕ ಹಾಕ್ಕೋತ ಇರ್ರಿ. ಫ್ಯಾನಿನ ಮುಂದ ಮಲಗಸ್ರಿ. ಒದ್ದಿ ಬಟ್ಟಿ ಸುತ್ತಬ್ಯಾಡ್ರಿ. ಬಾಯಾಗ ನೀರು ಹೊಯ್ಯಬ್ಯಾಡ್ರಿ, ತಾನೇ ನೆಕ್ಕಿದ್ರ ನೆಕ್ಕಲಿ."

"ಸಾಯ್ತಾನೇನು?" ಕಾಕಾ ನಳ ತಿರುವಿದ ಸದ್ದು ಕೇಳಿಸಿತು. "ನೀ ಬ್ಯಾಡ ಅಂದಿದ್ದಿ. ಬಾಗಲ ಮುಂದ ನಿಂತು ಅಳ್ಲತ್ತಿದ್ದ ಅಂತ ಕರಕೊಂಡ ಬಂದೆ ನೋಡು..."

"ಅದೆಲ್ಲ ಆಮ್ಯಾಲ. ನೀರು ಹಾಕ್ರಿ. ಗಾಡಿ ಕಳಸ್ಲತ್ತೀನಿ."

ಆ ದಿನ ಕೇಂದ್ರದ ಫೋನುಗಳು ಒಂದು ಕ್ಷಣ ಸುಮ್ಮನಿರಲಿಲ್ಲ. ಜನ ಬೈದರು, ಅತ್ತರು, ಏನು ಮಾಡಬೇಕೆಂದು ಕೇಳಿದರು. ನೀರು, ನೆರಳು, ಗಾಳಿ ಎಂದು ಹೇಳಿ ಹೇಳಿ ಇಂದುಮತಿಯ ಗಂಟಲು ಕಟ್ಟಿತು. ಕೆರೆಯ ದಂಡೆಯಲ್ಲಿದ್ದ ಮಕ್ಕಳು ಗೊತ್ತಿಲ್ಲದವರ ಮನೆ ಬಾಗಿಲು ಬಡಿದರಂತೆ. ತೆರೆದವರು ಮಕ್ಕಳನ್ನು, ನಾಯಿಗಳನ್ನು ಒಟ್ಟಿಗೇ ಬಚ್ಚಲಿಗೆ ಬಿಟ್ಟುಕೊಂಡರಂತೆ. ಎಲ್ಲವೂ ಉಳಿಯಲಿಲ್ಲ. ತಡವಾಗಿದ್ದ ಕೆಲವು ನಾಯಿಗಳು ಸಂಜೆಯೊಳಗೆ ಸತ್ತವು. ಜಾಮೂನು ಬದುಕಿತು. ಅದರ ಮೂತ್ರಪಿಂಡ ಪೂರ್ತಿ ಸುಧಾರಿಸುವುದಿಲ್ಲವೆಂದು ಇಂದುಮತಿಗೆ ರಕ್ತಪರೀಕ್ಷೆ ನೋಡಿದಾಗಲೇ ತಿಳಿಯಿತು. ಇನ್ನು ಮುಂದೆ ಪಥ್ಯ, ಔಷಧಿ. ಕಾಕಾ ಅದಕ್ಕೆ ಅನ್ನ ಕಿವುಚಿ ತಿನ್ನಿಸುವಾಗ ತಾವೂ ಉಪ್ಪಿಲ್ಲದ ಅನ್ನವನ್ನೇ ಉಣ್ಣತೊಡಗಿದರು.

ಅಪ್ಪಣೆಯಿಲ್ಲದೆ ಪಟ್ಟಿ ನಿಲ್ಲಿಸಿದ್ದಕ್ಕೆ ಜಾಗೀರದಾರರನ್ನು ಹುದ್ದೆಯಿಂದ ಇಳಿಸಿದರು. ಅವರು ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಒಳಮೈಯ ಶಾಖ ಅಳೆಯುವ ಹೊಸ ಪಟ್ಟಿಯ ಕೆಲಸಕ್ಕೆ ಒಂದು ಮೂಲೆಯ ಮೇಜು ಕೇಳಿ ಪಡೆದುಕೊಂಡರು. ಚೌಕಗಳ ಪರದೆಗಳಿಂದ ಸಾಕಿದವರ ಮುಖಗಳು ಮಾಯವಾದವು. ಅವರು ತಪ್ಪಿತಸ್ಥರಲ್ಲವೆಂದು ಯಾರೂ ಸಾರಲಿಲ್ಲ.

ಇಂದುಮತಿ ಒಂದು ಭಾನುವಾರ ಪದ್ಮಿನಿಯ ಮನೆ ಹುಡುಕಿಕೊಂಡು ಹೋದಳು. ಪದ್ಮಿನಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಗುರುತು ಹಿಡಿದರೂ ಕೈ ನಿಲ್ಲಿಸಲಿಲ್ಲ. ಇಂದುಮತಿ ಹೊಸ್ತಿಲ ಮೇಲೇ ಕುಳಿತು ಎಲ್ಲವನ್ನೂ ಹೇಳಿದಳು: ಪಟ್ಟಿ ಹೇಗೆ ಮೋಸ ಮಾಡಿತು, ಕೇಂದ್ರ ಹೇಗೆ ತಪ್ಪು ತಿಳಿಯಿತು.

"ಅಂದ್ರ ನಂದೇನೂ ತಪ್ಪಿದ್ದಿಲ್ಲ?"

"ಇದ್ದಿಲ್ಲಕ್ಕ. ನಮ್ಮದು."

ಪದ್ಮಿನಿ ಇನ್ನೊಂದು ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ನೀರು ಸವರಿದಳು. ಬೆಂದ ಮೇಲೆ ತೆಗೆದು ಬುಟ್ಟಿಗೆ ಹಾಕಿದಳು.

"ಒಂದ್ ಮಾತ ಕೇಳ್ತೀನ್ರಿ. ನನಗ ಸಮಾಧಾನ ಮಾಡ್ಲಿಕ್ಕ ಹೇಳಬ್ಯಾಡ್ರಿ, ಖರೆ ಹೇಳ್ರಿ. ಕಡೀಗಿ ಅದಕ್ಕ ಭಾಳ ತ್ರಾಸ ಆಗಿತ್ತೇನ್ರಿ?"

ಇಂಥ ಪ್ರಶ್ನೆಯ ಮುಂದೆ ಇಂದುಮತಿ ಎಷ್ಟೋ ಮನೆಗಳಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಇವತ್ತು ಅವಳಿಗೆ ಉತ್ತರ ಗೊತ್ತಿತ್ತು. ಅದನ್ನು ಅವಳು ಪುಸ್ತಕದಲ್ಲಿ ಓದಿರಲಿಲ್ಲ.

"ಇಲ್ಲಕ್ಕ. ಆ ಪಟ್ಟಿ ನಾನೂ ಕಟ್ಟಿಕೊಂಡು ಓಡೀನಿ. ಮೈಯಾಗ ಬೆಂಕಿ ಬಿದ್ದಿದ್ರೂ ನನಗ ಗೊತ್ತಾಗ್ಲಿಲ್ಲ. ತಂಪಿತ್ತು. ಖುಷಿ ಆಗಿತ್ತು. ಅದಕ್ಕೂ ಹಂಗೇ ಆಗಿರ್ತದ. ನಿಮ್ಮ ಜೋಡಿ ಓಡ್ಲತ್ತೀನಿ ಅಂತಷ್ಟೇ ಅದಕ್ಕ ಗೊತ್ತಿತ್ತು."

ಪದ್ಮಿನಿ ಒಲೆ ಆರಿಸಿದಳು. ಹಿಟ್ಟಿನ ಕೈಯಲ್ಲೇ ಸೆರಗು ಹಿಡಿದು ಮುಖ ಮುಚ್ಚಿಕೊಂಡಳು. ನಾಯಿ ಬಿದ್ದ ದಿನದಿಂದ ಅವಳು ಜನರ ಮುಂದೆ ವಾದಿಸಿದ್ದಳೇ ಹೊರತು ಅತ್ತಿರಲಿಲ್ಲ. ಇಂದುಮತಿ ಎದ್ದು ಹೋಗಿ ಪಕ್ಕದಲ್ಲಿ ಕುಳಿತಳು.

ಬಹಳ ಹೊತ್ತಿನ ಮೇಲೆ ಪದ್ಮಿನಿ ಮುಖ ಒರೆಸಿಕೊಂಡು ತಟ್ಟೆ ಹಾಕಿದಳು. "ಉಂಡು ಹೋಗ್ರಿ. ಇಂಥ ಬಿಸಲಾಗ ಎಲ್ಲಿ ಹೋಗ್ತೀರಿ?"

ಇಂದುಮತಿ ಉಂಡಳು. ಪದ್ಮಿನಿ ದೌಲತ್ತನ ಸುದ್ದಿ ತೆಗೆದಳು: ಮಳೆಯಲ್ಲಿ ಗಟಾರದ ದಂಡೆಗೆ ಸಿಕ್ಕಿದ್ದು, ಮೊದಲ ದಿನವೇ ಒಂದು ಬುಟ್ಟಿ ರೊಟ್ಟಿ ಕೆಡವಿದ್ದು, ಗಾಡಿಯ ಸದ್ದು ದೂರದಿಂದಲೇ ಗುರುತಿಸುತ್ತಿದ್ದುದು. ಹೇಳುತ್ತ ಹೇಳುತ್ತ ಒಮ್ಮೆ ನಕ್ಕಳು ಕೂಡ. ಬಿಸಿಲು ಇಳಿಯುವವರೆಗೂ ಅವಳು ಹೇಳುತ್ತಲೇ ಇದ್ದಳು, ಇಂದುಮತಿ ಕೇಳುತ್ತಲೇ ಇದ್ದಳು.